ಹಾಸನದಲ್ಲಿ ಸಿಗುವ ರಸಾಯನ ಪೆಟ್ಟಿಗೆ: ಕೊಳ್ಳಿ, ಆದರೆ ಉತ್ತರದ ಪುಟ ತಿದ್ದಿಕೊಳ್ಳಿ

ಹಾಸನದ ಬಿ.ಎಂ. ರಸ್ತೆಯ ಕಡೆ ಶಾಲೆಗಳಿಗೆ ಪ್ರಯೋಗದ ಸಾಮಾನು ಒದಗಿಸುವ ಅಂಗಡಿಯಲ್ಲಿ ಈಗ ಒಂದು ಪೆಟ್ಟಿಗೆ ಮಾರಾಟಕ್ಕಿದೆ. ಹತ್ತನೇ ತರಗತಿ ಮತ್ತು ಮೊದಲ ಪಿಯುಸಿ ಮಕ್ಕಳು ಎರಡು ವಸ್ತು ಸೇರಿದರೆ ಏನು ಹುಟ್ಟುತ್ತದೆ ಎಂದು ತಾವೇ ಊಹಿಸಿ, ಆಮೇಲೆ ಹನಿ ಹಾಕಿ ನೋಡಲಿ ಎಂಬುದು ಅದರ ಉದ್ದೇಶ. ಬೆಲೆ 1,450 ರೂಪಾಯಿ. ಚಿಕ್ಕಮಗಳೂರಿನವರು ಬಸ್ಸಿನ ಪಾರ್ಸೆಲ್‌ಗೆ ಹಾಕಿಸಿಕೊಳ್ಳದೆ ಹೋಗಿ ತರುವುದು ಒಳ್ಳೆಯದು. ಒಳಗೆ ಆಮ್ಲವಿದೆ, ಕ್ಷಾರವಿದೆ, ಸೀಸೆಗಳ ಮುಚ್ಚಳ ಅಷ್ಟು ಬಿಗಿಯಾಗಿಲ್ಲ. ಅಡ್ಡ ಬಿದ್ದರೆ ಸೋರುತ್ತದೆ.

ಪೆಟ್ಟಿಗೆ ಕೊಳ್ಳಲು ಯೋಗ್ಯ. ಜೊತೆಗೆ ಕೊಡುವ ಕೈಪಿಡಿ ಮಾತ್ರ ಪೆಟ್ಟಿಗೆಯ ಮಟ್ಟಕ್ಕೆ ಬಂದಿಲ್ಲ. ಉತ್ತರದ ಪುಟಗಳಲ್ಲಿ ಮೂರು ಕಡೆ ನೇರ ತಪ್ಪಿದೆ. ಅದಕ್ಕಿಂತ ದೊಡ್ಡ ಕೊರತೆ ಊಹೆ ಮಾಡುವುದನ್ನು ಹೇಳಿಕೊಡುವ ರೀತಿಯಲ್ಲೇ ಇದೆ.

ಒಳಗೆ ಇರುವುದಿಷ್ಟು. 30 ಮಿಲಿಲೀಟರಿನ ಹನಿ ಸೀಸೆಗಳು ಹದಿಮೂರು: ಕಾಪರ್ ಸಲ್ಫೇಟ್, ಜಿಂಕ್ ಸಲ್ಫೇಟ್, ಮೆಗ್ನೀಸಿಯಂ ಸಲ್ಫೇಟ್, ಫೆರಸ್ ಸಲ್ಫೇಟ್, ಫೆರಿಕ್ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್, ಸೋಡಿಯಂ ಕ್ಲೋರೈಡ್, ಅಮೋನಿಯಂ ಕ್ಲೋರೈಡ್, ಪೊಟ್ಯಾಸಿಯಂ ಅಯೋಡೈಡ್, ಸೋಡಿಯಂ ಸಲ್ಫೇಟ್, ಸೋಡಿಯಂ ಕಾರ್ಬೊನೇಟ್, ಸೋಡಿಯಂ ಹೈಡ್ರಾಕ್ಸೈಡ್, ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲ. ಬೇರಿಯಂ ಕ್ಲೋರೈಡ್ 10 ಮಿಲಿ, ಕಂದು ಸೀಸೆಯಲ್ಲಿ ಸಿಲ್ವರ್ ನೈಟ್ರೇಟ್ 5 ಮಿಲಿ. ಲೋಹಗಳಲ್ಲಿ ಸತುವಿನ (ಜಿಂಕ್) ಹರಳು, ಮೆಗ್ನೀಸಿಯಂ ಪಟ್ಟಿ, ತಾಮ್ರದ ತಂತಿ, ಅಲ್ಯೂಮಿನಿಯಂ ಹಾಳೆ, ಕಬ್ಬಿಣದ ಮೊಳೆ. ಲಿಟ್ಮಸ್, ಫಿನಾಲ್ಫ್ತಲೀನ್, 24 ಗುಳಿಗಳ ಬಿಳಿ ಪ್ಲಾಸ್ಟಿಕ್ ತಟ್ಟೆ, 60 ಕಾರ್ಡು, 64 ಪುಟದ ಕೈಪಿಡಿ.

ಇಪ್ಪತ್ತು ಹನಿಗೆ ಸುಮಾರು 1 ಮಿಲಿ. ಒಂದು ಪ್ರಯೋಗಕ್ಕೆ ಐದು ಹನಿ ಹಾಕಿದರೆ 30 ಮಿಲಿ ಸೀಸೆ ನೂರಿಪ್ಪತ್ತು ಸಲ ಬರುತ್ತದೆ. ಸಿಲ್ವರ್ ನೈಟ್ರೇಟ್ ಮಾತ್ರ ಎರಡೆರಡೇ ಹನಿ ಬಳಸಬೇಕು. ಹಾಗಾದರೆ ಐವತ್ತು ಪ್ರಯೋಗ. ಇಬ್ಬರು ಮಕ್ಕಳು ಒಂದು ವರ್ಷ ಧಾರಾಳವಾಗಿ ಬಳಸಬಹುದು. ಬೀಕರು, ಪ್ರನಾಳ ಇಟ್ಟುಕೊಂಡು ಮಾಡುವ ಪ್ರಯೋಗಕ್ಕೆ ಬೇಕಾಗುವ ದ್ರಾವಣದ ಇಪ್ಪತ್ತನೇ ಒಂದು ಭಾಗ ಇಲ್ಲಿ ಸಾಕು. ಈ ಪೆಟ್ಟಿಗೆಯ ದೊಡ್ಡ ಗುಣ ಇದೇ: ಒಂದು ಸಂಜೆಗೆ ಹದಿನೈದು ಊಹೆ ಮಾಡಿ ಹದಿನೈದನ್ನೂ ಕಣ್ಣಾರೆ ನೋಡಬಹುದು.

ಕಾರ್ಡುಗಳ ಆಟ ಸರಳ. ಎರಡು ಕಾರ್ಡು ತೆಗೆಯಬೇಕು, ಕೈಪಿಡಿಯ ಕೊನೆಯಲ್ಲಿರುವ ಕೋಷ್ಟಕದಲ್ಲಿ 'ನನ್ನ ಊಹೆ' ಎಂಬ ಅಂಕಣ ತುಂಬಬೇಕು, ಆಮೇಲೆ ಹನಿ ಹಾಕಬೇಕು, ಪಕ್ಕದಲ್ಲಿ 'ಕಂಡದ್ದು' ಬರೆಯಬೇಕು. ಊಹೆಯನ್ನು ಪೆನ್ನಿನಲ್ಲೇ ಬರೆಯಿರಿ ಎಂದು ಸೂಚಿಸಿರುವುದು ಸರಿಯಾಗಿದೆ. ಬಣ್ಣ ಕಂಡ ಮೇಲೆ ಎಲ್ಲರಿಗೂ ಅದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಬರೆದಿಟ್ಟದ್ದು ಸುಳ್ಳಾದಾಗ ಮಾತ್ರ 'ಯಾಕೆ' ಎಂಬ ಪ್ರಶ್ನೆ ಏಳುತ್ತದೆ.

ಇನ್ನು ಕೈಪಿಡಿಯ ಮೊದಲ ಅಧ್ಯಾಯ. ಕ್ರಿಯೆಗಳು ಐದು ಬಗೆ ಎಂದು ಅದು ಶುರುವಾಗುತ್ತದೆ: ಸಂಯೋಗ, ವಿಭಜನೆ, ಸ್ಥಾನಪಲ್ಲಟ (ಒಂದು ಧಾತು ಇನ್ನೊಂದನ್ನು ಓಡಿಸುವುದು), ದ್ವಿಸ್ಥಾನಪಲ್ಲಟ (ಎರಡು ಸಂಯುಕ್ತಗಳು ಜೋಡಿ ಬದಲಿಸುವುದು), ದಹನ. ಪ್ರತಿವರ್ತಕಗಳ ಆಕಾರ ನೋಡಿ ಬಗೆ ಗುರುತಿಸಿ, ಆ ಬಗೆಯ ಅಚ್ಚಿಗೆ ಹಾಕಿ ಉತ್ಪನ್ನ ಬರೆಯಿರಿ ಎಂದು ಹೇಳುತ್ತದೆ. ಪರೀಕ್ಷೆಗೆ ಈ ವಿಂಗಡಣೆ ಬೇಕು, ನಿಜ. ಊಹೆಗೆ ಇಷ್ಟು ಸಾಲದು. ಏಕೆಂದರೆ ಅಚ್ಚು ಯಾವಾಗಲೂ ಒಂದು ಉತ್ತರ ಕೊಡುತ್ತದೆ, ಪಾತ್ರೆಯಲ್ಲಿ ಏನೂ ನಡೆಯದಿದ್ದರೂ.

ಕೈಪಿಡಿಯ ಉತ್ತರದಲ್ಲೇ ಇದಕ್ಕೆ ಸಾಕ್ಷಿ ಇದೆ. ಪುಟ 23ರಲ್ಲಿ ಸೋಡಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಸೇರಿಸಿದರೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸೋಡಿಯಂ ನೈಟ್ರೇಟ್ ಬರುತ್ತವೆ ಎಂದು ಅಚ್ಚಾಗಿದೆ. ಜೋಡಿ ಬದಲಾಗಿದೆ, ಸಮೀಕರಣ ಸರಿದೂಗಿದೆ, ನೋಡಲು ಅಚ್ಚುಕಟ್ಟಾಗಿದೆ. ಆದರೆ ಆ ನೀರಿನಲ್ಲಿ ಬೆರೆಸುವ ಮುಂಚೆ ಇದ್ದದ್ದು ಅಯಾನುಗಳು, ಅಂದರೆ ಆವೇಶ ಹೊತ್ತ ಕಣಗಳು: ಸೋಡಿಯಂ ಅಯಾನು, ಕ್ಲೋರೈಡ್ ಅಯಾನು, ಪೊಟ್ಯಾಸಿಯಂ ಅಯಾನು, ನೈಟ್ರೇಟ್ ಅಯಾನು. ಬೆರೆಸಿದ ಮೇಲೆ ಇರುವುದೂ ಅವೇ ನಾಲ್ಕು. ಯಾವುದೂ ಯಾವುದನ್ನೂ ಹಿಡಿದುಕೊಂಡಿಲ್ಲ, ಬಿಟ್ಟೂ ಇಲ್ಲ. ಕ್ರಿಯೆ ನಡೆದೇ ಇಲ್ಲ. ಇದು ಉತ್ತರದ ಮೊದಲನೇ ತಪ್ಪು.

ಅಯಾನುಗಳ ದ್ರಾವಣಗಳು ಸೇರಿದಾಗ ಕೇಳಬೇಕಾದ ಪ್ರಶ್ನೆ ಒಂದೇ: ಯಾರು ದ್ರಾವಣ ಬಿಟ್ಟು ಹೋಗುತ್ತಾರೆ? ಹೋಗಲು ದಾರಿ ಮೂರು. ಕರಗದ ಲವಣವಾಗಿ ತಳ ಸೇರಬಹುದು. ಅದು ಪ್ರಕ್ಷೇಪ, ನಮ್ಮ ಮನೆಮಾತಿನ ಗಷ್ಟು. ಅನಿಲವಾಗಿ ಮೇಲೆ ಹೋಗಬಹುದು. ಆಮ್ಲದ ಹೈಡ್ರೋಜನ್ ಅಯಾನು ಪ್ರತ್ಯಾಮ್ಲದ ಹೈಡ್ರಾಕ್ಸೈಡ್ ಅಯಾನನ್ನು ಸೇರಿ ನೀರಾಗಬಹುದು. ಈ ಮೂರರಲ್ಲಿ ಒಂದೂ ಆಗದಿದ್ದರೆ, ಮತ್ತು ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆಗೆ ಅವಕಾಶವಿಲ್ಲದಿದ್ದರೆ, ಬಾಣದ ಬಲಗಡೆ 'ಕ್ರಿಯೆ ಇಲ್ಲ' ಎಂದು ಬರೆಯುವುದೇ ಸರಿಯುತ್ತರ.

ಕೈಪಿಡಿಯ ಎರಡನೇ ಪ್ರಯೋಗವನ್ನು ಈ ರೀತಿ ಮಾಡಿ ನೋಡಿ. ಬೇರಿಯಂ ಕ್ಲೋರೈಡ್ ಎರಡು ಹನಿ, ಸೋಡಿಯಂ ಸಲ್ಫೇಟ್ ಎರಡು ಹನಿ. ಮೊದಲು ಪ್ರತಿ ಲವಣವನ್ನೂ ಅಯಾನುಗಳಾಗಿ ಒಡೆದು, ಆವೇಶ ಸಮೇತ ಬರೆಯಬೇಕು. ಬೇರಿಯಂಗೆ ಎರಡು ಧನ, ಕ್ಲೋರೈಡ್‌ಗೆ ಒಂದು ಋಣ. ಸೋಡಿಯಂಗೆ ಒಂದು ಧನ, ಸಲ್ಫೇಟ್‌ಗೆ ಎರಡು ಋಣ. ಆಮೇಲೆ ಅಡ್ಡ ಜೋಡಿ: ಬೇರಿಯಂ ಸಲ್ಫೇಟ್, ಸೋಡಿಯಂ ಕ್ಲೋರೈಡ್. ಇವೆರಡರಲ್ಲಿ ಕರಗದಿರುವುದು ಯಾವುದು? ಬೇರಿಯಂ ಸಲ್ಫೇಟ್. ಆದ್ದರಿಂದ ಬಿಳಿ ಪ್ರಕ್ಷೇಪ ಬೀಳುತ್ತದೆ, ಸೋಡಿಯಂ ಮತ್ತು ಕ್ಲೋರೈಡ್ ನೀರಿನಲ್ಲೇ ಉಳಿಯುತ್ತವೆ. ಕೊನೆಗೆ ಸಮೀಕರಣ ಸರಿದೂಗಿಸುವುದು.

ಇಲ್ಲಿ ಮಕ್ಕಳು ಎಡವುವ ಜಾಗ ಒಂದಿದೆ, ಕೈಪಿಡಿ ಅದನ್ನು ಮುಟ್ಟುವುದೇ ಇಲ್ಲ. ಬೇರಿಯಂ ಕ್ಲೋರೈಡ್‌ನ ಸೂತ್ರದಲ್ಲಿ ಕ್ಲೋರಿನ್ ಕೆಳಗೆ 2 ಇದೆ. ಜೋಡಿ ಬದಲಿಸುವಾಗ ಆ 2ನ್ನೂ ಹೊತ್ತು ತಂದು ಸೋಡಿಯಂ ಪಕ್ಕದ ಕ್ಲೋರಿನ್‌ಗೆ ಅಂಟಿಸುತ್ತಾರೆ. ಆ 2 ಕ್ಲೋರಿನ್‌ನ ಸ್ವಂತದ್ದಲ್ಲ. ಎರಡು ಧನ ಆವೇಶದ ಬೇರಿಯಂ ಜೊತೆ ಇದ್ದುದರಿಂದ ಬಂದದ್ದು. ಜೋಡಿ ಬದಲಾದರೆ ಸೂತ್ರವನ್ನು ಆವೇಶದಿಂದ ಹೊಸದಾಗಿ ಕಟ್ಟಬೇಕು. ಇದಾದ ಮೇಲೆ ಕೆಳಗಿನ ಅಂಕಿ ಮುಟ್ಟುವಂತಿಲ್ಲ. ಸರಿದೂಗಿಸಲು ಸೂತ್ರದ ಎಡಕ್ಕೆ ಬರೆಯುವ ಗುಣಕ ಮಾತ್ರ ಬದಲಿಸಬೇಕು. ಈ ಕ್ರಮ ತಲೆಕೆಳಗಾದರೆ, ಅಂದರೆ ಸೂತ್ರ ಗಟ್ಟಿಯಾಗುವ ಮುಂಚೆಯೇ ಸರಿದೂಗಿಸಲು ಹೊರಟರೆ, ಎಷ್ಟು ಹೊತ್ತು ಕೂತರೂ ಲೆಕ್ಕ ಕೂಡುವುದಿಲ್ಲ.

ಯಾವುದು ಕರಗುತ್ತದೆ, ಯಾವುದಿಲ್ಲ ಎಂಬುದಕ್ಕೆ ಕೈಪಿಡಿ ಎರಡು ಪುಟದ ಕೋಷ್ಟಕ ಕೊಟ್ಟಿದೆ. ಈ ಪೆಟ್ಟಿಗೆಗೆ ಅಷ್ಟು ಬೇಡ. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಲವಣಗಳು ಮತ್ತು ಎಲ್ಲ ನೈಟ್ರೇಟುಗಳು ಕರಗುತ್ತವೆ. ಕ್ಲೋರೈಡುಗಳಲ್ಲಿ ಬೆಳ್ಳಿ ಮತ್ತು ಸೀಸದವು, ಸಲ್ಫೇಟುಗಳಲ್ಲಿ ಬೇರಿಯಂ ಮತ್ತು ಸೀಸದವು ಕರಗುವುದಿಲ್ಲ. ಕ್ಯಾಲ್ಸಿಯಂ ಸಲ್ಫೇಟ್ ಅಷ್ಟಿಷ್ಟು. ಕಾರ್ಬೊನೇಟು, ಹೈಡ್ರಾಕ್ಸೈಡುಗಳಲ್ಲಿ ಮೊದಲು ಹೇಳಿದ ಮೂರರ ಕುಟುಂಬ ಬಿಟ್ಟು ಉಳಿದವು ಬಹುಪಾಲು ಗಷ್ಟು. ಇಷ್ಟನ್ನು ಒಂದು ರಟ್ಟಿನ ಮೇಲೆ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದರೆ ಸಾಕು.

ಕಾರ್ಡುಗಳ ಬಗ್ಗೆ ಇನ್ನೊಂದು ಆಕ್ಷೇಪ. ಅರವತ್ತು ಕಾರ್ಡಿಗೆ ಕೈಪಿಡಿ ಸೂಚಿಸುವ ಜೋಡಿಗಳಲ್ಲಿ 'ಕ್ರಿಯೆ ಇಲ್ಲ' ಎಂಬ ಉತ್ತರ ಬರುವುದು ಮೂರೇ ಕಡೆ. ಕನಿಷ್ಠ ಮೂರರಲ್ಲಿ ಒಂದು ಪಾಲಾದರೂ ಹಾಗಿರಬೇಕಿತ್ತು. ಪ್ರತಿ ಸಲ ಏನಾದರೂ ಆಗಿಯೇ ಆಗುತ್ತದೆ ಎಂದು ರೂಢಿಯಾದ ಮಗುವಿಗೆ ಊಹಿಸುವ ಅಗತ್ಯವೇ ಬೀಳುವುದಿಲ್ಲ. ಪೆಟ್ಟಿಗೆಯಲ್ಲಿರುವುದರಿಂದಲೇ ಜೋಡಿಗಳನ್ನು ಸೇರಿಸಿಕೊಳ್ಳಿ: ಸೋಡಿಯಂ ಕ್ಲೋರೈಡ್ ಜೊತೆ ಮೆಗ್ನೀಸಿಯಂ ಸಲ್ಫೇಟ್, ಅಮೋನಿಯಂ ಕ್ಲೋರೈಡ್ ಜೊತೆ ಸೋಡಿಯಂ ಸಲ್ಫೇಟ್, ಪೊಟ್ಯಾಸಿಯಂ ಅಯೋಡೈಡ್ ಜೊತೆ ಕ್ಯಾಲ್ಸಿಯಂ ಕ್ಲೋರೈಡ್, ತಾಮ್ರದ ತಂತಿ ಜೊತೆ ಜಿಂಕ್ ಸಲ್ಫೇಟ್, ತಾಮ್ರದ ತಂತಿ ಜೊತೆ ಹೈಡ್ರೋಕ್ಲೋರಿಕ್ ಆಮ್ಲ. ಐದರಲ್ಲೂ ಏನೂ ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂದು ಬರೆಸಿ.

ತಟ್ಟೆ ಬಿಳಿ ಬಣ್ಣದ್ದು. ಇದು ತಯಾರಿಸಿದವರ ಅಜಾಗರೂಕತೆ. ಈ ಪೆಟ್ಟಿಗೆಯ ಪ್ರಕ್ಷೇಪಗಳಲ್ಲಿ ಅರ್ಧಕ್ಕೂ ಹೆಚ್ಚು ಬಿಳಿಯವೇ. ಬಿಳಿ ಗುಳಿಯಲ್ಲಿ ಬಿಳಿ ಗಷ್ಟು ಕಾಣುವುದಿಲ್ಲ, ಮಗು 'ಏನೂ ಆಗಲಿಲ್ಲ' ಎಂದು ಬರೆಯುತ್ತದೆ. ಪರಿಹಾರ ಸುಲಭ. ಕಪ್ಪು ರಟ್ಟಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಅದರ ಮೇಲೇ ಹನಿ ಹಾಕಿ. ಹನಿಗಳು ಗುಂಡಗೆ ನಿಲ್ಲುತ್ತವೆ, ಹರಿದು ಒಂದಕ್ಕೊಂದು ಸೇರುವುದಿಲ್ಲ. ಬಣ್ಣದವಕ್ಕೆ ಕೆಳಗಿನ ರಟ್ಟು ತಿರುಗಿಸಿ ಬಿಳಿ ಮಾಡಿಕೊಂಡರಾಯಿತು.

ಜಿಂಕ್ ಸಲ್ಫೇಟ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಜೋಡಿಯಲ್ಲಿ ಈ ಕಪ್ಪು ಹಿನ್ನೆಲೆ ಇಲ್ಲದಿದ್ದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಜಿಂಕ್ ಸಲ್ಫೇಟ್ ಐದು ಹನಿ ಹಾಕಿ. ಅದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಒಂದೇ ಒಂದು ಹನಿ ಅಂಚಿನಿಂದ ಬಿಡಿ, ಕಲಕಬೇಡಿ. ಹನಿ ಬಿದ್ದ ಕಡೆ ಮೊಸರಿನ ತೆಳು ಕೆನೆಯ ಹಾಗೆ ಬಿಳಿ ಎದ್ದು ನಿಲ್ಲುತ್ತದೆ: ಜಿಂಕ್ ಹೈಡ್ರಾಕ್ಸೈಡ್. ಊಹೆ ನಿಜವಾಯಿತು. ಈಗ ಒಂದೊಂದೇ ಹನಿ ಹಾಕುತ್ತ ಹಲ್ಲುಕಡ್ಡಿಯಿಂದ ಕಲಕಿ. ಆರೇಳು ಹನಿಯಾಗುವಷ್ಟರಲ್ಲಿ ಕೆನೆ ಕರಗಿ ಮತ್ತೆ ತಿಳಿನೀರು. ಸತುವಿನ ಹೈಡ್ರಾಕ್ಸೈಡ್ ಉಭಯಧರ್ಮಿ, ಅಂದರೆ ಆಮ್ಲದೊಡನೆಯೂ ಕ್ಷಾರದೊಡನೆಯೂ ವರ್ತಿಸುವಂಥದ್ದು. ಹೆಚ್ಚಾದ ಕ್ಷಾರದೊಡನೆ ಸೇರಿ ಕರಗುವ ಜಿಂಕೇಟ್ ಆಗುತ್ತದೆ. ಕೈಪಿಡಿ 'ತಲಾ ಹತ್ತು ಹನಿ ಬೆರೆಸಿ' ಎನ್ನುತ್ತದೆ. ಹಾಗೆ ಒಮ್ಮೆಲೇ ಸುರಿದು ಕಲಕಿದರೆ ಬಿಳಿ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ, ಸರಿಯಾಗಿ ಊಹಿಸಿದ ಮಗು ತನ್ನ ಉತ್ತರ ಹೊಡೆದುಹಾಕುತ್ತದೆ. ಪಕ್ಕದಲ್ಲೇ ಮೆಗ್ನೀಸಿಯಂ ಸಲ್ಫೇಟ್‌ಗೆ ಹೀಗೇ ಮಾಡಿ: ಎಷ್ಟು ಹನಿ ಹಾಕಿದರೂ ಬಿಳಿ ಉಳಿಯುತ್ತದೆ. ಎರಡನ್ನೂ ಅಕ್ಕಪಕ್ಕ ನೋಡಿದವರಿಗೆ ಉಭಯಧರ್ಮಿ ಎಂಬ ಮಾತನ್ನು ಮತ್ತೆ ಬಾಯಿಪಾಠ ಮಾಡಿಸಬೇಕಿಲ್ಲ.

ಉತ್ತರದ ಎರಡನೇ ತಪ್ಪು ಪುಟ 31ರಲ್ಲಿದೆ. ಕಾಪರ್ ಸಲ್ಫೇಟ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ಸೇರಿದರೆ ಎರಡು ಅಯೋಡೈಡ್ ಇರುವ ಕಾಪರ್ ಅಯೋಡೈಡ್ ಬರುತ್ತದೆ ಎಂದು ಬರೆದಿದ್ದಾರೆ. ಅಚ್ಚಿಗೆ ಹಾಕಿದರೆ ಹಾಗೇ ಬರುತ್ತದೆ, ಪಾತ್ರೆಯಲ್ಲಿ ಬರುವುದಿಲ್ಲ. ಅಯೋಡೈಡ್ ಅಯಾನು ಎಲೆಕ್ಟ್ರಾನು ಬಿಟ್ಟುಕೊಡುವುದರಲ್ಲಿ ಉದಾರಿ. ಎರಡು ಧನ ಆವೇಶದ ತಾಮ್ರ ಅದನ್ನು ಪಡೆದು ಒಂದು ಧನಕ್ಕೆ ಇಳಿಯುತ್ತದೆ. ಕೆಳಗೆ ಬೀಳುವುದು ಕ್ಯೂಪ್ರಸ್ ಅಯೋಡೈಡ್, ಅದರ ನಿಜವಾದ ಬಣ್ಣ ಬಿಳಿ. ಜೊತೆಗೆ ಬಿಡುಗಡೆಯಾದ ಅಯೋಡಿನ್ ಎಲ್ಲವನ್ನೂ ಕಂದು ಮಾಡುತ್ತದೆ. ಕಾಪರ್ ಸಲ್ಫೇಟ್ ಎರಡು ಅಣುವಿಗೆ ಪೊಟ್ಯಾಸಿಯಂ ಅಯೋಡೈಡ್ ನಾಲ್ಕು ಎಂಬ ಲೆಕ್ಕದಲ್ಲಿ ಸಮೀಕರಣ ಸರಿದೂಗುತ್ತದೆ.

ಇದನ್ನು ಸಾಬೀತು ಮಾಡಲು ಹಾಸನದಲ್ಲಿ ಹುಡುಕಾಡಬೇಕಿಲ್ಲ, ಒಂದು ಆಲೂಗೆಡ್ಡೆ ಸಾಕು. ಈಗತಾನೆ ಕೊಯ್ದ ಬಿಲ್ಲೆಯ ಮೇಲೆ ಕಾಪರ್ ಸಲ್ಫೇಟ್ ಒಂದು ಹನಿ, ಇನ್ನೊಂದು ಕಡೆ ಪೊಟ್ಯಾಸಿಯಂ ಅಯೋಡೈಡ್ ಒಂದು ಹನಿ ಇಡಿ. ಎರಡೂ ಸುಮ್ಮನಿರುತ್ತವೆ. ಹಲ್ಲುಕಡ್ಡಿಯಿಂದ ಎರಡನ್ನೂ ಎಳೆದು ಕೂಡಿಸಿ. ಕೂಡಿದ ಗೆರೆಯಲ್ಲಿ ಕಂದು ಎದ್ದು, ಗೆಡ್ಡೆಯ ಪಿಷ್ಟಕ್ಕೆ ಅಯೋಡಿನ್ ತಗುಲಿ ಮಸಿಯಂಥ ಕಡುನೀಲಿಯಾಗುತ್ತದೆ. ಅಯೋಡೈಡ್ ಪಿಷ್ಟಕ್ಕೆ ಬಣ್ಣ ಕೊಡುವುದಿಲ್ಲ, ಅಯೋಡಿನ್ ಕೊಡುತ್ತದೆ. ಎಲೆಕ್ಟ್ರಾನು ಕೈ ಬದಲಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಈ ಪೆಟ್ಟಿಗೆಯಲ್ಲಿ ಬೇರೆ ಇಲ್ಲ. ಫೆರಿಕ್ ಕ್ಲೋರೈಡ್ ಜೊತೆಯೂ ಇದೇ ಆಗುತ್ತದೆ. ಬಳಸಿದ ಗೆಡ್ಡೆಯನ್ನು ದನಕ್ಕೋ ಕೋಳಿಗೋ ಹಾಕಬೇಡಿ.

ಲೋಹಗಳ ಭಾಗಕ್ಕೆ ಬಂದರೆ, ಕ್ರಿಯಾಶೀಲತೆಯ ಸರಣಿಯನ್ನು ಕೈಪಿಡಿ ಚೆನ್ನಾಗಿ ಅಚ್ಚು ಹಾಕಿದೆ. ಮೇಲಿನ ಲೋಹ ಕೆಳಗಿನದನ್ನು ಅದರ ಲವಣದಿಂದ ಓಡಿಸುತ್ತದೆ, ಕೆಳಗಿನದು ಮೇಲಿನದನ್ನು ಓಡಿಸಲಾರದು. ಹೈಡ್ರೋಜನ್‌ಗಿಂತ ಮೇಲಿರುವುದು ಸಾರರಿಕ್ತ ಆಮ್ಲದಿಂದ ಹೈಡ್ರೋಜನ್ ಬಿಡಿಸುತ್ತದೆ. ಊಹೆಗೆ ಇಷ್ಟೇ ಸಾಕು. ತೊಂದರೆ ಇರುವುದು ಕೊಟ್ಟ ಮೊಳೆಯಲ್ಲಿ.

ಆ ಮೊಳೆಗಳು ಹೊಳೆಯುತ್ತವೆ, ಅಂದರೆ ಮೇಲೆ ಸತು ಲೇಪನವಿದೆ. ಕಾಪರ್ ಸಲ್ಫೇಟ್‌ಗೆ ಅದ್ದಿದರೆ ಮೊದಲು ಕೆಲಸ ಮಾಡುವುದು ಸತು. ಕೆಂಪು ತಾಮ್ರದ ಬದಲು ಕರಿಗಂದು ಪುಡಿ ಕೂರುತ್ತದೆ, ದ್ರಾವಣ ಹಸಿರಿಗೆ ತಿರುಗದೆ ಬಣ್ಣ ಕಳೆದುಕೊಳ್ಳುತ್ತದೆ. ಕಬ್ಬಿಣದ ಅಂಗಡಿಯಲ್ಲಿ ಲೇಪನವಿಲ್ಲದ ಕಪ್ಪು ಮೊಳೆ ಕೇಳಿ ತನ್ನಿ. ಉಪ್ಪುಕಾಗದದಿಂದ ಉಜ್ಜಿ, ಎಣ್ಣೆ ಹೋಗುವಂತೆ ಸೋಪು ನೀರಿನಲ್ಲಿ ತೊಳೆದು ಬಳಸಿ. ಕೈಪಿಡಿ ಹೇಳುವ ತಿಳಿಹಸಿರು ಬಣ್ಣ ಪೆಟ್ಟಿಗೆಯ ದ್ರಾವಣದಲ್ಲಿ ಕಣ್ಣಿಗೆ ಬೀಳುವುದು ಕಷ್ಟ, ಅದು ಬಹಳ ತೆಳು. ಹಸಿರು ಕಾಣಬೇಕಾದರೆ 10 ಮಿಲಿ ನೀರಿಗೆ 2 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್ ಹರಳು) ಕರಗಿಸಿ, ಮೊಳೆ ಹಾಕಿ ರಾತ್ರಿಯಿಡೀ ಬಿಡಬೇಕು.

ಅಲ್ಯೂಮಿನಿಯಂ ಹಾಳೆ ಇನ್ನೂ ಒಳ್ಳೆಯ ಪಾಠ ಕಲಿಸುತ್ತದೆ, ಕೈಪಿಡಿ ಅದನ್ನು ವ್ಯರ್ಥ ಮಾಡಿದೆ. ಸರಣಿಯ ಪ್ರಕಾರ ಅಲ್ಯೂಮಿನಿಯಂ ತಾಮ್ರವನ್ನು ಓಡಿಸಬೇಕು. ಕಾಪರ್ ಸಲ್ಫೇಟ್‌ಗೆ ಹಾಳೆ ಹಾಕಿದರೆ ಅರ್ಧ ಗಂಟೆ ಕಾದರೂ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ಸರಣಿ ಸುಳ್ಳಲ್ಲ, ಹಾಳೆಯ ಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ಬಿಗಿ ಪೊರೆ ಇದೆ, ದ್ರಾವಣಕ್ಕೆ ಲೋಹ ಸಿಕ್ಕೇ ಇಲ್ಲ. ಈಗ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ. ಕ್ಲೋರೈಡ್ ಅಯಾನು ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗುಳ್ಳೆ ಏಳುತ್ತದೆ, ದ್ರಾವಣ ಬಿಸಿಯಾಗುತ್ತದೆ, ಹಾಳೆ ಹರಿದು ಕೆಂಪು ತಾಮ್ರ ಬೀಳುತ್ತದೆ. ನಡೆಯಬಲ್ಲ ಕ್ರಿಯೆ ಬೇರೆ, ಈಗಲೇ ನಡೆಯುವ ಕ್ರಿಯೆ ಬೇರೆ ಎಂಬುದು ಇದರಿಂದ ತಿಳಿಯುತ್ತದೆ. ಐದು ಹನಿಯಲ್ಲೇ ಮಾಡಿ; ಲೋಟದಲ್ಲಿ ಮಾಡಿದರೆ ಶಾಖ ಜಾಸ್ತಿ.

ಮೂರನೇ ತಪ್ಪು ಪುಟ 38. ಕಬ್ಬಿಣ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಿಂದ ಫೆರಿಕ್ ಕ್ಲೋರೈಡ್ ಬರುತ್ತದೆ ಎಂದಿದೆ. ಬರುವುದು ಫೆರಸ್ ಕ್ಲೋರೈಡ್. ಫೆರಸ್ ಅಂದರೆ ಎರಡು ಧನ ಆವೇಶದ ಕಬ್ಬಿಣ, ಫೆರಿಕ್ ಅಂದರೆ ಮೂರರದ್ದು. ಹೈಡ್ರೋಜನ್ ಅಯಾನು ಕಬ್ಬಿಣದಿಂದ ಎರಡು ಎಲೆಕ್ಟ್ರಾನು ತೆಗೆಯಬಲ್ಲದು, ಮೂರನೆಯದನ್ನು ತೆಗೆಯುವ ಶಕ್ತಿ ಅದಕ್ಕಿಲ್ಲ. ಕಾಪರ್ ಸಲ್ಫೇಟ್ ಜೊತೆಗೂ ಹಾಗೇ, ಫೆರಸ್ ಸಲ್ಫೇಟ್. ಕ್ಲೋರಿನ್ ಅನಿಲದಂಥ ಪ್ರಬಲ ಉತ್ಕರ್ಷಕ ಸಿಕ್ಕಾಗ ಕಬ್ಬಿಣ ನೇರವಾಗಿ ಮೂರಕ್ಕೆ ಹೋಗುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ ಇದು, ಪೆನ್ನಿನಿಂದ ತಿದ್ದಿಡಿ.

ಫೆರಸ್ ಸಲ್ಫೇಟನ್ನು ದ್ರಾವಣವಾಗಿ ಮಾರುವುದೂ ಸರಿಯಲ್ಲ. ಗಾಳಿ ತಾಗಿ ಕೆಲವೇ ವಾರದಲ್ಲಿ ಹಳದಿಗಂದು ಆಗುತ್ತದೆ, ಆಮೇಲೆ ಅದು ಅರೆ ಫೆರಿಕ್. ಕ್ಷಾರ ಹಾಕಿದರೆ ಕೊಳಕು ಹಸಿರು ಬರಬೇಕಾದಲ್ಲಿ ತುಕ್ಕಿನ ಕಂದು ಬರುತ್ತದೆ. ಸೀಸೆ ಕಂದಾಗಿದ್ದರೆ ಚೆಲ್ಲಿ, ಹಸಿರು ಹರಳು 0.7 ಗ್ರಾಂ ತೂಗಿ 25 ಮಿಲಿ ನೀರಿನಲ್ಲಿ ಅಂದಂದೇ ಕರಗಿಸಿಕೊಳ್ಳಿ, ದಟ್ಟತೆ 0.1 ಮೋಲಾರ್ (ಲೀಟರಿಗೆ 0.1 ಮೋಲ್) ಆಗುತ್ತದೆ.

ಅನಿಲ ಬರುವ ಕ್ರಿಯೆಗಳಲ್ಲಿ ಕೈಪಿಡಿ ನೆಟ್ಟಗಿದೆ. ಜೋಡಿ ಬದಲಿಸಿದಾಗ ಕಾರ್ಬೊನಿಕ್ ಆಮ್ಲ ಬಂದರೆ ಅದನ್ನು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಎಂದು, ಅಮೋನಿಯಂ ಹೈಡ್ರಾಕ್ಸೈಡ್ ಬಂದರೆ ನೀರು ಮತ್ತು ಅಮೋನಿಯಾ ಎಂದು ಒಡೆದು ಬರೆಯಬೇಕೆಂದು ಚೌಕಟ್ಟು ಹಾಕಿ ಹೇಳಿದೆ. ಎರಡಕ್ಕೂ ಪ್ರಯೋಗ ಇದೆ. ಅಮೋನಿಯಾವನ್ನು ಮೂಗಿನಿಂದ ಪರೀಕ್ಷಿಸುವ ಬದಲು ಒದ್ದೆ ಕೆಂಪು ಲಿಟ್ಮಸನ್ನು ಹನಿಯ ಮೇಲೆ, ತಾಗದಂತೆ, ಹಿಡಿಯಿರಿ, ನೀಲಿಯಾಗುತ್ತದೆ. ಸಂಯೋಗ, ವಿಭಜನೆ, ದಹನಕ್ಕೆ ಪೆಟ್ಟಿಗೆಯಲ್ಲಿ ಹೆಚ್ಚೇನಿಲ್ಲ. ಬೆಂಕಿ ಬೇಕಾದ ಪ್ರಯೋಗಗಳನ್ನು ಶಾಲೆಗೆ ಬಿಟ್ಟದ್ದು ಒಳ್ಳೆಯದೇ.

ಕೈಪಿಡಿಯ ಅತ್ಯುತ್ತಮ ಪುಟ 57ನೆಯದು: ಬೋರ್ಡೋ ದ್ರಾವಣ. ಮಲೆನಾಡಿನ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೂ ಕಾಫಿ ಗಿಡದ ರೋಗಗಳಿಗೂ ಹೊಡೆಯುವ ಇದು ದ್ವಿಸ್ಥಾನಪಲ್ಲಟ ಕ್ರಿಯೆ. ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್, ಸುಣ್ಣ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಜೋಡಿ ಬದಲಾದರೆ ಕಾಪರ್ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್. ನಿಜವಾದ ಮಿಶ್ರಣದಲ್ಲಿ ತಾಮ್ರದ ಪ್ರತ್ಯಾಮ್ಲೀಯ ಸಲ್ಫೇಟುಗಳೂ ಇರುತ್ತವೆ, ಆರಂಭಕ್ಕೆ ಹೈಡ್ರಾಕ್ಸೈಡ್ ಎಂದುಕೊಂಡರೆ ಸಾಕು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಈ ಔಷಧಿಯನ್ನು ನಮ್ಮ ಅಡಿಕೆಗೆ ತಂದವರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಮುಖ್ಯರು; ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದೂ ಅವರ ಕಾಲದಲ್ಲೇ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸಮೀಕರಣದ ಲೆಕ್ಕ ಹಾಕಿ ನೋಡಿ: 249.7 ಗ್ರಾಂ ಮೈಲುತುತ್ತಕ್ಕೆ ಬೇಕಾದ್ದು 74.1 ಗ್ರಾಂ ಶುದ್ಧ ಅರಳಿದ ಸುಣ್ಣ. ಒಂದು ಕಿಲೋಗೆ 300 ಗ್ರಾಂ ಕೂಡ ಬೇಡ. ಹಾಗಾದರೆ ತೋಟದಲ್ಲಿ ಒಂದು ಕಿಲೋ ಏಕೆ? ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತ ಹೋಗುತ್ತದೆ, ಹಳೆಯದಾದಷ್ಟೂ ಬಲ ಕಡಿಮೆ. ಸುಣ್ಣ ಸಾಲದೆ ಕರಗಿದ ತಾಮ್ರ ಉಳಿದರೆ ಎಲೆ ಸುಡುತ್ತದೆ. ಆದ್ದರಿಂದ ಹೆಚ್ಚು ಹಾಕಿ, ಆಮೇಲೆ ಉಜ್ಜಿದ ಕತ್ತಿ ಅದ್ದಿ ನೋಡುತ್ತಾರೆ. ಕೆಂಪು ಕೂತರೆ ಇನ್ನಷ್ಟು ಸುಣ್ಣ. ಆ ಕೆಂಪು ಕಬ್ಬಿಣ ಓಡಿಸಿದ ತಾಮ್ರ. ಒಂದೇ ಡ್ರಮ್ಮಿನಲ್ಲಿ ಎರಡು ಬಗೆಯ ಸ್ಥಾನಪಲ್ಲಟ!

ಮನೆಯಲ್ಲಿ ಇದನ್ನು ಪ್ಲಾಸ್ಟಿಕ್ ಲೋಟದಲ್ಲಿ ಮಾಡಬಹುದು. 1 ಗ್ರಾಂ ಮೈಲುತುತ್ತ 50 ಮಿಲಿ ನೀರಿಗೆ, 1 ಗ್ರಾಂ ಸುಣ್ಣ ಇನ್ನೊಂದು 50 ಮಿಲಿಗೆ. ಸುಣ್ಣದ ಹಾಲನ್ನು ಚೆನ್ನಾಗಿ ಕಲಕಿ, ಮೊದಲು ಅದರಲ್ಲಿ 5 ಮಿಲಿ ಮಾತ್ರ ಮೈಲುತುತ್ತದ ನೀರಿಗೆ ಸೇರಿಸಿ, ಉಜ್ಜಿದ ಮೊಳೆ ಅದ್ದಿ: ಕೆಂಪಾಗುತ್ತದೆ. ಉಳಿದ ಸುಣ್ಣವನ್ನೂ ಸೇರಿಸಿ ಹೊಸ ಮೊಳೆ ಅದ್ದಿ: ಹಾಗೇ ಬರುತ್ತದೆ. ಈ ಎರಡನೇ ಭಾಗ ಕೈಪಿಡಿಯಲ್ಲಿಲ್ಲ, ಸೇರಿಸಬೇಕಿತ್ತು.

ನೀರಿನ ವಿಷಯದಲ್ಲಿ ಎಚ್ಚರ ಬೇಕು. ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಬರೀ ಆ ನೀರಿಗೇ ಸಿಲ್ವರ್ ನೈಟ್ರೇಟ್ ಹಾಕಿದರೂ ಹಾಲಾಗುತ್ತದೆ, ಸೋಡಿಯಂ ಕಾರ್ಬೊನೇಟ್ ಹಾಕಿದರೂ ಮಬ್ಬಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರು ಬಳಸಿ. ತಟ್ಟೆ ತೊಳೆದ ಮೇಲೆ ಕೊನೆಯ ಸಲವೂ ಅದರಲ್ಲೇ ಜಾಲಾಡಿಸಿ.

ಸುರಕ್ಷತೆಗೆ ಬಂದರೆ ಪೆಟ್ಟಿಗೆಯ ಬಗ್ಗೆ ಗಟ್ಟಿಯಾಗಿ ದೂರಲೇಬೇಕು. ಸೋಡಿಯಂ ಹೈಡ್ರಾಕ್ಸೈಡ್ 2 ಮೋಲಾರ್, ಅಂದರೆ ಲೀಟರಿಗೆ 80 ಗ್ರಾಂ. ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಒಳಗೆ ಕನ್ನಡಕವಿಲ್ಲ. ಬೇರಿಯಂ ಕ್ಲೋರೈಡ್ ನುಂಗಿದರೆ ವಿಷ, ಸೀಸೆಯ ಮೇಲೆ ವಿಷದ ಗುರುತಿಲ್ಲ. ಯಾವ ಸೀಸೆಯ ಮೇಲೂ ದಟ್ಟತೆ ಬರೆದಿಲ್ಲ, ಅದನ್ನು ಕೈಪಿಡಿಯ ಕೊನೆಯಲ್ಲಿ ಹುಡುಕಬೇಕು. ಸುರಕ್ಷತಾ ಕನ್ನಡಕ ಕೊಂಡ ಮೇಲೆಯೇ ಪೆಟ್ಟಿಗೆ ತೆರೆಯಿರಿ, ಬೇರಿಯಂ ಸೀಸೆಗೆ ಕೆಂಪು ಚೀಟಿ ಅಂಟಿಸಿ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೀಗ ಹಾಕಿಡಿ. ಸಿಲ್ವರ್ ನೈಟ್ರೇಟ್ ಚರ್ಮದ ಮೇಲೆ ಕಪ್ಪು ಕಲೆ ಮಾಡುತ್ತದೆ, ದಿನಗಟ್ಟಲೆ ಹೋಗುವುದಿಲ್ಲ. ಒಂದು ವಿಷಯ ಮೆಚ್ಚಬೇಕು: ತರಗತಿಯಲ್ಲಿ ಹಳದಿ ಪ್ರಕ್ಷೇಪಕ್ಕೆಂದು ಬಳಸುವ ಲೆಡ್ ನೈಟ್ರೇಟ್ ಇಲ್ಲಿಲ್ಲ. ಸೀಸ ಮನೆಗೆ ಬರಬಾರದು. ಸಿಲ್ವರ್ ನೈಟ್ರೇಟ್ ಜೊತೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದರೂ ತಿಳಿಹಳದಿ ಸಿಗುತ್ತದೆ.

ಕೈಪಿಡಿಯ ಕನ್ನಡ ಚೆನ್ನಾಗಿದೆ. ಶಾಲಾ ಪುಸ್ತಕದ ಪದಗಳನ್ನೇ ಬಳಸಿದ್ದಾರೆ, ಪಿಯುಸಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವವರಿಗೆಂದು ಪ್ರತಿ ಪದದ ಇಂಗ್ಲಿಷ್ ರೂಪವನ್ನು ಕನ್ನಡ ಲಿಪಿಯಲ್ಲಿ ಕೊನೆಗೆ ಕೊಟ್ಟಿದ್ದಾರೆ. ಹಳ್ಳಿ ಶಾಲೆಯಿಂದ ಬಂದು ಮೊದಲ ಪಿಯುಸಿಯಲ್ಲಿ ಕಂಗಾಲಾಗುವ ಮಕ್ಕಳಿಗೆ ಆ ನಾಲ್ಕು ಪುಟ ದೊಡ್ಡ ಆಸರೆ.

ಬಳಸಿದ್ದನ್ನು ಎಲ್ಲಿ ಚೆಲ್ಲಬೇಕೆಂದು ಕೈಪಿಡಿ ಹೇಳಿಲ್ಲ. ಮೂರು ಹಳೆಯ ಬಾಟಲಿ ಇಟ್ಟುಕೊಳ್ಳಿ. ಬೇರಿಯಂ ಇರುವುದಕ್ಕೆ ಸೋಡಿಯಂ ಸಲ್ಫೇಟ್ ಹೆಚ್ಚಾಗಿ ಹಾಕಿದರೆ ಎಲ್ಲವೂ ಕರಗದ ಬೇರಿಯಂ ಸಲ್ಫೇಟ್ ಆಗಿ ಕೂರುತ್ತದೆ. ಬೆಳ್ಳಿ ಇರುವುದಕ್ಕೆ ಅಡುಗೆ ಉಪ್ಪು ಹಾಕಿದರೆ ಸಿಲ್ವರ್ ಕ್ಲೋರೈಡ್. ತಾಮ್ರದ್ದನ್ನು ಮಾತ್ರ ಹಳ್ಳಕ್ಕೋ ಕೆರೆಗೋ ಬಿಡಲೇಬಾರದು, ಅಲ್ಪ ತಾಮ್ರವೂ ಮೀನಿಗೆ ವಿಷ. ನೀಲಿ ಗಷ್ಟು ಕರಗುವಷ್ಟು ಆಮ್ಲ ಹಾಕಿ, ಲೇಪನವಿಲ್ಲದ ಕಬ್ಬಿಣದ ಮೊಳೆಗಳನ್ನು ಒಂದು ಹಿಡಿ ಹಾಕಿ, ಮುಚ್ಚಳ ಸಡಿಲ ಬಿಟ್ಟು ಎರಡು ದಿನ ಇಡಿ. ಹೈಡ್ರೋಜನ್ ಬರುವುದರಿಂದ ಬಿಗಿ ಮುಚ್ಚಬಾರದು, ಬೆಂಕಿಯ ಹತ್ತಿರ ಇಡಬಾರದು. ಆಮೇಲೆ ಹೊಸ ಮೊಳೆ ಅದ್ದಿ ಐದು ನಿಮಿಷ ಬಿಟ್ಟಾಗ ಕೆಂಪು ಕೂರದಿದ್ದರೆ, ಮೇಲಿನ ನೀರನ್ನು ಸೋಡದಿಂದ ತಟಸ್ಥ ಮಾಡಿ ಬಚ್ಚಲಿಗೆ ಚೆಲ್ಲಬಹುದು.